ಒಂದು ಕೆಜಿ ಲ್ಯಾಪ್‌ಟಾಪೂ, 64 ಜಿಬಿ ಗೋಳೂ

ಈ ವಾರ ಮೂರು ಜನ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಸಾರ್, ನೀವು ಹೆಗಲಿಗೆ ಹಾಕಿಕೊಂಡು ಓಡಾಡ್ತೀರಲ್ಲ ಆ ಪುಟ್ಟ ಲ್ಯಾಪ್‌ಟಾಪ್, ಹೇಗಿದೆ?" ಒಬ್ಬೊಬ್ಬರಿಗೂ ಟೈಪ್ ಮಾಡುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನದು 11.6 ಇಂಚಿನದು. ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಕಂಪನಿ ಹೆಸರು ಬೇಡ, ಈ ರೇಟಿಗೆ ಯಾರದ್ದು ತಗೊಂಡರೂ ಒಳಗೆ ಹೆಚ್ಚುಕಮ್ಮಿ ಇದೇ ಸಾಮಾನು. ನಾಲ್ಕು ವರ್ಷದ ಹಿಂದೆ ಇಪ್ಪತ್ತು ಸಾವಿರದೊಳಗೆ ಬಂತು. ತಿಪಟೂರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವುದು ನನ್ನ ಕೆಲಸ. ಎಪಿಎಂಸಿಯ ಕೊಬ್ಬರಿ ಹರಾಜು, ತಾಲ್ಲೂಕು ಪಂಚಾಯಿತಿ ಸಭೆ, ಎಲ್ಲೋ ಬೋನಿಗೆ ಬಿದ್ದ ಚಿರತೆ, ಇಂಥವು.

ಆ ಕೆಲಸಕ್ಕೆ ಇದು ಚಿನ್ನದಂಥ ಸಾಮಾನು, ಸುಳ್ಳು ಹೇಳಲ್ಲ. ತೂಕ ಒಂದು ಕೆಜಿ ಚಿಲ್ಲರೆ. ಬಸ್ಸಿನ ಎರಡು ಸೀಟಿನ ನಡುವೆ ಪರದೆ ಪೂರ್ತಿ ತೆರೆಯಬಹುದು, 15.6 ಇಂಚಿನದನ್ನು ಹಾಗೆ ತೆರೆಯಿರಿ ನೋಡೋಣ. ಪ್ರೊಸೆಸರ್ 6 ವ್ಯಾಟ್‌ನದು, ಹಾಗಾಗಿ ಒಳಗೆ ಫ್ಯಾನೇ ಇಲ್ಲ. ಫ್ಯಾನ್ ಇಲ್ಲ ಅಂದರೆ ಗುಂಯ್ ಅನ್ನುವ ಸದ್ದಿಲ್ಲ, ಧೂಳು ಎಳೆದುಕೊಳ್ಳುವುದೂ ಇಲ್ಲ. ಕೊಬ್ಬರಿ ಮಂಡಿಯ ಧೂಳು ಕುಡಿದವರಿಗೆ ಇದರ ಬೆಲೆ ಗೊತ್ತು. ಬ್ಯಾಟರಿ ಹೊಸದರಲ್ಲಿ ಏಳು ಗಂಟೆ ಬರುತ್ತಿತ್ತು, ಈಗ ನಾಲ್ಕೂವರೆ.

ಇನ್ನು ಗೋಳು.

ಅಂಗಡಿಯವನು "64 ಜಿಬಿ ಹಾರ್ಡ್ ಡಿಸ್ಕ್ ಸಾರ್" ಅಂದಿದ್ದ. ಅದು ಹಾರ್ಡ್ ಡಿಸ್ಕೂ ಅಲ್ಲ, ಅದಕ್ಕಿಂತ ವೇಗದ ಎಸ್‌ಎಸ್‌ಡಿಯೂ ಅಲ್ಲ. ಇಎಂಎಂಸಿ ಅಂತ, ಅಗ್ಗದ ಮೊಬೈಲ್‌ಗಳಲ್ಲಿ ಇರುತ್ತದಲ್ಲ, ಆ ಜಾತಿಯದು. ಆನ್ ಮಾಡಿ ನೋಡಿದರೆ ತೋರಿಸುವುದು 58 ಜಿಬಿ. ವಿಂಡೋಸ್ ಬಂದು ಕೂತರೆ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು, ಅಪ್‌ಡೇಟಿಗೆ ಅಂತ ಸುಮಾರು 7 ಜಿಬಿ ಬೇರೆ ಕಾದಿರಿಸಿಕೊಳ್ಳುತ್ತೆ, ಮಿಕ್ಕಿದ್ದರಲ್ಲಿ ನೀವು ಸಂಸಾರ ಮಾಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದದ್ದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಇದರಲ್ಲಿ ಇರುವುದೂ ಅಷ್ಟೇ! ಅಂದರೆ ತಲೆ ತಗ್ಗಿಸಿಕೊಂಡು ಮನೆಯೊಳಗೆ ಹೋಗಬಹುದು, ಹೋದಮೇಲೆ ನೆಟ್ಟಗೆ ನಿಲ್ಲುವುದಕ್ಕೆ ಆಗಲ್ಲ.

ಒಂದು ಸಂಜೆ ಹರಾಜಿನ ಸುದ್ದಿ ಮುಗಿಸಿ ಸೇವ್ ಒತ್ತಿದೆ. ಜಾಗ ಇಲ್ಲ ಅಂತು. ಯಾವುದೋ ಅಪ್‌ಡೇಟ್ ಅರ್ಧ ಇಳಿದು ಒಳಗೆ ಕೂತುಬಿಟ್ಟಿತ್ತು. ನಾನು ಒಂದೊಂದೇ ಫೋಟೊ ಅಳಿಸುತ್ತಾ ಇದ್ದೇನೆ, ಆ ಕಡೆ ಪತ್ರಿಕೆಯ ಡೆಸ್ಕಿನಿಂದ ಫೋನು, "ಏನ್ರೀ, ಪೇಜ್ ಬಿಡ್ತಾ ಇದೀವಿ, ಎಲ್ರೀ ನಿಮ್ಮ ಕಾಪಿ?" ಕೊನೆಗೆ ಪರದೆಯ ಮೇಲಿದ್ದದ್ದನ್ನು ನೋಡಿಕೊಂಡು ಮೊಬೈಲ್‌ನಲ್ಲಿ ಮತ್ತೆ ಟೈಪ್ ಮಾಡಿ ವಾಟ್ಸಾಪ್ ಮಾಡಿದೆ. ಆ ಗಡಿಬಿಡಿಯಲ್ಲಿ ಕ್ವಿಂಟಾಲ್ ರೇಟಿನ ಒಂದು ಸೊನ್ನೆ ಹಾರಿಹೋಗಿತ್ತು. ಮಾರನೇ ದಿನ ಮಂಡಿಗೆ ಹೋದಾಗ ಸಿಕ್ಕ ಮರ್ಯಾದೆ ಇಲ್ಲಿ ಬರೆಯಲ್ಲ.

ಪರದೆ 1366×768. ಇಂಗ್ಲಿಷಿಗೆ ಪರವಾಗಿಲ್ಲ. ಕನ್ನಡದ ಒತ್ತಕ್ಷರಕ್ಕೆ ಸಾಲದು. "ರಾಷ್ಟ್ರ" ಅಂತ ಹೊಡೆದರೆ ಕೆಳಗೆ ಒಂದು ಕರೀ ಇರುವೆ ಸತ್ತ ಹಾಗೆ ಕಾಣುತ್ತೆ. ದೊಡ್ಡದು ಮಾಡಿಕೊಂಡರೆ ಒಂದು ಸಲಕ್ಕೆ ಹನ್ನೆರಡು ಸಾಲು. ಸ್ವಲ್ಪ ಪಕ್ಕದಿಂದ ನೋಡಿದರಂತೂ ಬಣ್ಣವೇ ತಿರುಗಿಹೋಗುತ್ತೆ.

ಆಮೇಲೆ ಬೇಸತ್ತು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ, ಎಕ್ಸ್‌ಎಫ್‌ಸಿಇ ಅನ್ನುವ ಹಗುರದ ಅವತಾರ. ಉಸಿರು ಬಂತು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಅಲ್ಲಿ ಇಲ್ಲ, ಆದರೆ ನುಡಿಯಲ್ಲಿದ್ದ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತೆ, ಬೆರಳಿಗೆ ಹೊಸದಾಗಿ ಪಾಠ ಹೇಳಬೇಕಾಗಲಿಲ್ಲ. ಮೊಬೈಲಿನಲ್ಲೂ ಇಂಟರ್ನೆಟ್ಟಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಕಳಿಸುತ್ತೇನೆ, ಡೆಸ್ಕಿನವರು ಅವರ ಫಾಂಟಿಗೆ ಬದಲಾಯಿಸಿಕೊಳ್ಳುತ್ತಾರೆ, ಬೈಕೊಂಡೇ.

ನಿಧಾನ ಅನ್ನುವುದು ನನ್ನ ತಕರಾರೇ ಅಲ್ಲ. ಬೆಳೆಸುವುದಕ್ಕೆ ಆಗಲ್ಲ ಅನ್ನುವುದು ತಕರಾರು. ರ‍್ಯಾಮ್ ಬೋರ್ಡಿಗೇ ಬೆಸುಗೆ, ಸ್ಟೋರೇಜೂ ಬೆಸುಗೆ. ರಿಪೇರಿಯವನು ಬಿಚ್ಚಿ ನೋಡಿ, ಮತ್ತೆ ಹಾಗೇ ಮುಚ್ಚಿ ಕೊಟ್ಟ, ಪಾಪ ದುಡ್ಡು ಕೇಳಲಿಲ್ಲ. ಅಗ್ಗ ಅಂದಮೇಲೆ ಹೀಗೇ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. 2007ರಲ್ಲಿ ಏಸಸ್ ಕಂಪನಿಯ "ಈ ಪಿಸಿ" (Eee PC) ಅನ್ನುವ ಪುಟ್ಟ ಲ್ಯಾಪ್‌ಟಾಪ್ ಬಂದಿತ್ತಲ್ಲ, 7 ಇಂಚು, 512 ಎಂಬಿ ರ‍್ಯಾಮ್, 4 ಜಿಬಿ ಸ್ಟೋರೇಜ್, ಆಟದ ಸಾಮಾನಿನ ಹಾಗಿತ್ತು. ಅದರ "4ಜಿ" ಅನ್ನುವ ಮಾಡೆಲ್‌ಗೂ (ಮೊಬೈಲ್ ನೆಟ್‌ವರ್ಕಿನ 4ಜಿ ಅಲ್ಲ, 4 ಜಿಬಿಯದು) ಅಡಿಯಲ್ಲಿ ಪುಟ್ಟ ಮುಚ್ಚಳ ಇತ್ತು, ತೆಗೆದು ಜಾಸ್ತಿ ರ‍್ಯಾಮ್ ಹಾಕಬಹುದಿತ್ತು.

ಹಾಗಾಗಿ ಕೇಳಿದವರಿಗೆ ಉತ್ತರ. ಮಗಳು ಬಿಇ ಸೇರುತ್ತಾಳೆ ಅಂದ್ರಲ್ಲ, ದಯವಿಟ್ಟು ಇದನ್ನು ಕೊಡಿಸಬೇಡಿ. ಎರಡನೇ ಸೆಮಿಸ್ಟರಿಗೆ ಅಳುತ್ತಾಳೆ. ಅಷ್ಟೇ ದುಡ್ಡಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಥಿಂಕ್‌ಪ್ಯಾಡ್ ಎಕ್ಸ್270 ಥರದ್ದು ಸೆಕೆಂಡ್ ಹ್ಯಾಂಡ್ ಹುಡುಕಿ. 12.5 ಇಂಚು, ರ‍್ಯಾಮ್ ಬದಲಾಯಿಸಬಹುದು, ಎಸ್‌ಎಸ್‌ಡಿ ಬದಲಾಯಿಸಬಹುದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದರ ಪ್ರೊಸೆಸರ್ ಇಲ್ಲ, ಅದು ತಿಳಿದಿರಲಿ. ಬ್ಯಾಟರಿ ಪರೀಕ್ಷೆ ಮಾಡದೆ ಮಾತ್ರ ದುಡ್ಡು ಎಣಿಸಬೇಡಿ.

ರಿಟೈರ್ ಆದ ಅಪ್ಪನಿಗೆ ಯಕ್ಷಗಾನದ ಪದ್ಯ ಟೈಪ್ ಮಾಡುವುದಕ್ಕೆ ಬೇಕು ಅಂದವರು ಕಣ್ಣು ಮುಚ್ಚಿಕೊಂಡು ತಗೊಳ್ಳಿ, ಜೊತೆಗೊಂದು ಪೆನ್‌ಡ್ರೈವ್ ಇರಲಿ.

ಮೂರನೆಯವರು ಯಾವ ಕೆಲಸಕ್ಕೆ ಅಂತಲೇ ಹೇಳಿಲ್ಲ. ಅಂಗಡಿಗೆ ಹೋಗುವ ಮುಂಚೆ ಹೇಳಿ ಸ್ವಾಮಿ, ಹೋಗಿ ಬಂದಮೇಲೆ ಅಲ್ಲ.