ಏನಮ್ಮಾ, ನಾನು ಅಷ್ಟೊಂದು ಅಳ್ತೀನಾ?

ನಾನು ಮಾಡಿದ ಮೊದಲ ಸಾಕ್ಷ್ಯಚಿತ್ರದ ಪ್ರದರ್ಶನ ಮುಗಿದು ದೀಪ ಹೊತ್ತಿದಾಗ ಸಭಾಂಗಣದಲ್ಲಿ ಒಳ್ಳೆಯ ಚಪ್ಪಾಳೆಯೇ ಬಿತ್ತು. ಇಬ್ಬರು ಸಹಪಾಠಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು, ಮತ್ತು ಅದನ್ನು ಕಂಡು ನನಗೆ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಟ್ಟೆ ಹೊಲಿದು ಸಂಸಾರ ನಡೆಸುವ ಒಬ್ಬ ಹಿರಿಯ ಮಹಿಳೆಯ ದಿನಚರಿಯನ್ನು ಕುರಿತ ಎಂಟು ನಿಮಿಷಗಳ ಚಿತ್ರವದು. ಮೊದಲ ಸಾಲಿನಲ್ಲಿ ಕೂತು ತಮ್ಮನ್ನು ತಾವೇ ದೊಡ್ಡ ಪರದೆಯ ಮೇಲೆ ಮೊದಲ ಬಾರಿಗೆ ನೋಡಿದ ಅವರು, ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡು, "ಚೆನ್ನಾಗಿದೆ ಕಣಮ್ಮಾ" ಎಂದರು. ಆಮೇಲೆ ಸ್ವಲ್ಪ ತಡೆದು, ದೂರುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ಆದ್ರೆ ಏನಮ್ಮಾ, ನಾನು ಅಷ್ಟೊಂದು ಅಳ್ತೀನಾ?"

ಆ ರಾತ್ರಿ ನಾನು ಮೂಲ ಚಿತ್ರಿಕೆಗಳನ್ನೆಲ್ಲ ತೆರೆದು ಲೆಕ್ಕ ಹಾಕಿದೆ. ಅವರೊಂದಿಗಿನ ಮಾತುಕತೆ ಒಟ್ಟು 72 ನಿಮಿಷ ಇತ್ತು, ಅದರಲ್ಲಿ ಅವರು ಅತ್ತದ್ದು 40 ಸೆಕೆಂಡು, ಎಂದರೆ ನೂರರಲ್ಲಿ ಒಂದು ಪಾಲೂ ಇಲ್ಲ. ಎಂಟು ನಿಮಿಷದ ಚಿತ್ರದಲ್ಲಿ ಅದೇ 40 ಸೆಕೆಂಡು ಹನ್ನೆರಡರಲ್ಲಿ ಒಂದು ಪಾಲಾಗಿತ್ತು, ಅದನ್ನು ನಾನು ಕೊಳಲಿನ ಹಿನ್ನೆಲೆಯೊಂದಿಗೆ ಕಟ್ಟಕಡೆಗೆ ಇಟ್ಟಿದ್ದೆ. ಉಳಿದ ಹೊತ್ತಿನಲ್ಲಿ ಅವರು ಮಾತನಾಡಿದ್ದೆಲ್ಲ ಹೆಚ್ಚುಕಡಿಮೆ ತಮ್ಮ ಕಸುಬಿನ ಬಗ್ಗೆ: ಬಟ್ಟೆಯನ್ನು ನೇರವಾಗಿ ಕತ್ತರಿಸುವುದಕ್ಕೂ ಕ್ರಾಸ್ ಕತ್ತರಿಸುವುದಕ್ಕೂ ಮೈಮೇಲೆ ಕೂರುವಾಗ ಏನು ವ್ಯತ್ಯಾಸ, ಕಾಜಾ ಹೊಲಿಯುವಾಗ ದಾರ ಎಷ್ಟು ಬಿಗಿ ಇರಬೇಕು, ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗೆ ಗೊತ್ತಾಗದ ಹಾಗೆ ಎಷ್ಟು ಸಡಿಲ ಬಿಡಬೇಕು. ಇದನ್ನೆಲ್ಲ ನಾನು "ಮಾಹಿತಿ" ಎಂದು ಬದಿಗೆ ಸರಿಸಿ, ಅಳುವನ್ನು "ಕಥೆ" ಎಂದು ಎತ್ತಿಕೊಂಡಿದ್ದೆ.

ಚಿತ್ರದಲ್ಲಿ ಒಂದೇ ಒಂದು ಸುಳ್ಳು ಮಾತಿರಲಿಲ್ಲ. ಯಾರೂ ನಟಿಸಿರಲಿಲ್ಲ, ಯಾವ ಮಾತನ್ನೂ ನಾನು ತಿರುಚಿರಲಿಲ್ಲ. ಅಷ್ಟಾದರೂ ಪರದೆಯ ಮೇಲೆ ಕಂಡ ಹೆಂಗಸು ಅವರಾಗಿರಲಿಲ್ಲ. ನಮ್ಮ ತರಗತಿಯಲ್ಲಿ ಸಾಕ್ಷ್ಯಚಿತ್ರದ ಅಪ್ರಾಮಾಣಿಕತೆಗೆ ಕೊಡುವ ಉದಾಹರಣೆ ಯಾವಾಗಲೂ 1922ರ 'ನಾನೂಕ್ ಆಫ್ ದಿ ನಾರ್ತ್' ಚಿತ್ರದ್ದು. ಬಂದೂಕು ಬಳಸಲು ಕಲಿತಾಗಿದ್ದ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಬೇಟೆಗಾರರ ಕೈಗೆ ಅದರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಹಳೆಯ ಕಾಲದ ಈಟಿ ಕೊಟ್ಟದ್ದು, ಒಳಗೆ ಬೆಳಕು ಸಾಲದೆಂದು ಅರ್ಧ ತೆರೆದ ಹಿಮದ ಮನೆ ಕಟ್ಟಿಸಿದ್ದು, ನಾಯಕನ ಅಲ್ಲಾಕಾರಿಯಲ್ಲಾಕ್ ಎಂಬ ನಿಜವಾದ ಹೆಸರನ್ನೂ ಬದಲಿಸಿದ್ದು ನಮಗೆಲ್ಲ ಬಾಯಿಪಾಠ. ಅದನ್ನು ಕೇಳಿದಾಗಲೆಲ್ಲ ನಾವು ಹಾಗೆ ಮಾಡುವವರಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈಟಿ ಕೊಡುವ ಅಗತ್ಯ ಈಗ ನಮಗೆ ಯಾರಿಗೂ ಇಲ್ಲ. ಗಂಟೆಗಟ್ಟಲೆ ಚಿತ್ರಿಸಿಕೊಂಡು ನಿಮಿಷಗಳನ್ನಷ್ಟೇ ಉಳಿಸಿಕೊಳ್ಳುವ ಅನುಕೂಲ ಇರುವಾಗ ಬೇಕಾದ ಮನುಷ್ಯನನ್ನು ಸಂಕಲನದ ಮೇಜಿನ ಮೇಲೆಯೇ ತಯಾರಿಸಬಹುದು.

ವಿದ್ಯಾರ್ಥಿಗಳ ಚಿತ್ರಗಳಲ್ಲಿ ಈ ತಯಾರಿಕೆಗೆ ಎರಡೇ ಅಚ್ಚುಗಳಿರುವಂತೆ ಕಾಣುತ್ತದೆ. "ಸಾಮಾನ್ಯ ಜನರ ಬದುಕು" ಎಂಬ ವಿಷಯ ಕೊಟ್ಟ ಕೂಡಲೇ ನಾವು ಹುಡುಕಿಕೊಂಡು ಹೋಗುವುದು ಒಂದೋ ಅಯ್ಯೋ ಪಾಪ ಎನ್ನಿಸುವವರನ್ನು, ಇಲ್ಲವೇ ಕಷ್ಟಗಳನ್ನೆಲ್ಲ ಮೆಟ್ಟಿ ನಿಂತ ಸಾಧಕರನ್ನು. ಕೆಲಸವನ್ನು ಚೆನ್ನಾಗಿ ಬಲ್ಲ, ಸ್ವಲ್ಪ ಜಂಬ ಇರುವ, ಪಕ್ಕದವರ ಮೇಲೆ ಸಣ್ಣಪುಟ್ಟ ಅಸೂಯೆ ಇಟ್ಟುಕೊಂಡ, ಮಧ್ಯಾಹ್ನ ತೂಕಡಿಸುವ ಮನುಷ್ಯ ಈ ಎರಡರಲ್ಲಿ ಯಾವ ಅಚ್ಚಿಗೂ ಕೂರುವುದಿಲ್ಲವಾದ್ದರಿಂದ ಅವನನ್ನು ಟೈಮ್‌ಲೈನಿನಿಂದ ಅಳಿಸಿಬಿಡುತ್ತೇವೆ. ವರ್ಷದ ಕೊನೆಗೆ ಒಂದೇ ತರಗತಿಯ ಹತ್ತು ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಹತ್ತೂ ಜನ ಒಂದೇ ಮನೆಯವರಂತೆ ಕಾಣುತ್ತಾರೆ, ಹಿನ್ನೆಲೆಯ ಕೊಳಲೂ ಅದೇ ಇರುತ್ತದೆ.

ನನಗೆ ಸಂಕಲನದ ಬಗ್ಗೆ ನಿಜವಾದ ಪಾಠ ಹೇಳಿದವರು ಎರಡನೆಯ ಚಿತ್ರದ ನಾಯಕರು, ಗಡಿಯಾರ ರಿಪೇರಿ ಮಾಡುವ ವೃದ್ಧರು. ಮೊದಲ ಸಲದ ಮುಜುಗರ ಮರೆತಿರಲಿಲ್ಲವಾದ್ದರಿಂದ, ಪರೀಕ್ಷಕರಿಗೆ ಕೊಡುವ ಮೊದಲೇ ರಫ್ ಕಟ್ಟನ್ನು, ಎಂದರೆ ಸಂಕಲನದ ಕರಡನ್ನು, ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಅವರ ಬಳಿಗೆ ಹೋದೆ. ಅವರು ಕೂರುತ್ತಿದ್ದ ಜಾಗದ ಹಿಂದೆ ಲೋಲಕದ ಗಡಿಯಾರವೊಂದು ಇತ್ತು. ಚಿತ್ರೀಕರಣದ ದಿನ ಅದನ್ನು ನಿಲ್ಲಿಸಿ ಎಂದು ಕೇಳಲು ನನಗೆ ಧೈರ್ಯ ಬಂದಿರಲಿಲ್ಲ, ಕಾಲರ್ ಮೈಕು ಅವರ ಮಾತಿನ ಜೊತೆಗೆ ಅದರ ಸದ್ದನ್ನೂ ಹಿಡಿದಿತ್ತು. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಆಮೇಲೆ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದುಕೊಳ್ಳುತ್ತಿರುವಾಗಲೇ ಬೆರಳೆತ್ತಿ, "ಇಲ್ಲಿ ಏನೋ ತೆಗೆದಿದ್ದೀಯ" ಎಂದರು. ಇನ್ನಷ್ಟು ಮುಂದೆ ಹೋದ ಮೇಲೆ, "ಇಲ್ಲೂ" ಎಂದರು. ಟಿಕ್ ಟಿಕ್ ಸದ್ದಿನ ಲಯ ಎಲ್ಲೆಲ್ಲಿ ಅರ್ಧ ಸೆಕೆಂಡು ಮುಗ್ಗರಿಸಿತ್ತೋ ಅಲ್ಲೆಲ್ಲ ನಾನು ಕತ್ತರಿ ಆಡಿಸಿದ್ದೆ. ಅವರ ಕೈಗಳ ಹತ್ತಿರದ ಚಿತ್ರಿಕೆಯನ್ನು ಮೇಲೆ ಹೊದಿಸಿ ಕಣ್ಣಿಗೆ ಕಾಣದಂತೆ ಮಾಡಿದ್ದ ಒಂದೊಂದು ಹೊಲಿಗೆಯೂ ಅವರ ಕಿವಿಗೆ ಸಿಕ್ಕಿತು. ಪ್ರತಿ ಸಲವೂ ಅವರು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಏನಿತ್ತು ಎಂದು. ನಾಲ್ಕು ಕಡೆ ನನಗೆ ಉತ್ತರ ಹೇಳಲು ತೊಂದರೆಯಾಗಲಿಲ್ಲ. ಐದನೆಯ ಕಡೆ, "ಈ ಕೆಲಸ ನನಗೆ ಬೇಸರ ತಂದಿದೆ ಅಂತ ಯಾರು ಹೇಳಿದ್ರು, ನನಗೆ ಬೇಸರ ಬಂದಿರೋದು ಬರೋ ಜನರ ಮೇಲೆ" ಎಂಬ ಮಾತಿನ ಎರಡನೆಯ ಅರ್ಧವನ್ನು ಕೈಬಿಟ್ಟಿದ್ದೆ ಎಂದು ಒಪ್ಪಿಕೊಳ್ಳಬೇಕಾಯಿತು. ಅವರನ್ನು ಪ್ರೇಕ್ಷಕರು ಇಷ್ಟಪಡಲಿ ಎಂಬುದು ನನ್ನ ಉದ್ದೇಶವಾಗಿತ್ತು. ಅವರಿಗೆ ಅಂಥ ಆಸೆಯೇನೂ ಇರಲಿಲ್ಲ.

ಅಂದಿನಿಂದ ಚಿತ್ರ ಯಾರ ಬಗ್ಗೆ ಇದೆಯೋ ಅವರೇ ಅದರ ಮೊದಲ ಪ್ರೇಕ್ಷಕರಾಗಬೇಕು, ಅದೂ ಬದಲಿಸಲು ಇನ್ನೂ ಅವಕಾಶ ಇರುವಾಗಲೇ, ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಕನ್ನಡದಲ್ಲಿ ನಾವು ಈ ಪ್ರಕಾರಕ್ಕೆ ಸಾಕ್ಷ್ಯಚಿತ್ರ ಎನ್ನುತ್ತೇವೆ. ನ್ಯಾಯಾಲಯದಲ್ಲಾದರೆ ಸಾಕ್ಷಿಯ ಹೇಳಿಕೆಯನ್ನು ಬರೆದುಕೊಂಡ ಮೇಲೆ ಅದನ್ನು ಅವನಿಗೆ ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿ, ಅನಂತರ ಸಹಿ ಹಾಕಿಸುವ ಪದ್ಧತಿಯುಂಟು. ನಾವಾದರೋ ಸಹಿಯನ್ನು ಮೊದಲು ಹಾಕಿಸಿಕೊಂಡು ಹೇಳಿಕೆಯನ್ನು ಆಮೇಲೆ ಬರೆಯುತ್ತೇವೆ.

ಇದು ನನ್ನ ಹೊಸ ಶೋಧವೇನೂ ಅಲ್ಲ. ಮಾನವಶಾಸ್ತ್ರಜ್ಞ ಜಾನ್ ರೂಶ್ ಮತ್ತು ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾನ್ 1960ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಜನರನ್ನು "ನೀವು ಸುಖವಾಗಿದ್ದೀರಾ?" ಎಂದು ಕೇಳುತ್ತಾ ಒಂದು ಚಿತ್ರ ಮಾಡಿದರು. ಚಿತ್ರಿಸಿದ್ದನ್ನು ಅದರಲ್ಲಿ ಭಾಗವಹಿಸಿದವರಿಗೇ ತೋರಿಸಿ, ಅವರ ವಾದ ವಿವಾದವನ್ನೂ ಚಿತ್ರದ ಕೊನೆಯ ಭಾಗವಾಗಿ ಸೇರಿಸಿದರು. 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ ಅವರು ಫೋಗೊ ಎಂಬ ದ್ವೀಪದಲ್ಲಿ ಮಾಡಿದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಿನದು. ಮೀನುಗಾರಿಕೆ ಸೊರಗಿ, ಅಲ್ಲಿನ ಜನರನ್ನು ಬೇರೆಡೆಗೆ ಸಾಗಿಸುವ ಮಾತು ನಡೆದಿದ್ದ ಕಾಲವದು. ಕಾಲಿನ್ ಲೋ ಒಂದು ದೊಡ್ಡ ಚಿತ್ರದ ಬದಲು ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳನ್ನು ಮಾಡಿ, ಅವನ್ನು ಮೊದಲು ದ್ವೀಪದವರಿಗೇ ತೋರಿಸಿ, ಏನಿರಬೇಕು ಏನು ಬೇಡ ಎಂದು ಹೇಳುವ ಹಕ್ಕನ್ನೂ ಅವರಿಗೇ ಬಿಟ್ಟರು. ಪರಸ್ಪರ ಎದುರಿಗೆ ಕೂತು ಹೇಳಲಾಗದ ಮಾತುಗಳನ್ನು ಬೇರೆ ಬೇರೆ ಹಳ್ಳಿಯವರು ಪರದೆಯ ಮೂಲಕ ಕೇಳಿಸಿಕೊಂಡರು. ದ್ವೀಪ ಖಾಲಿಯಾಗಲಿಲ್ಲ, ಮೀನುಗಾರರ ಸಹಕಾರ ಸಂಘವೂ ಕಟ್ಟಲ್ಪಟ್ಟಿತು. ಇದೆಲ್ಲ ಸಿನಿಮಾದಿಂದಲೇ ಆಯಿತು ಎನ್ನುವಷ್ಟು ಮುಗ್ಧಳಲ್ಲ ನಾನು. ಆದರೂ ಹಾಗೆ ತೋರಿಸಿದ್ದರಿಂದ ಚಿತ್ರಗಳ ಸತ್ಯಕ್ಕೆ ಕುಂದು ಬಂತು ಎಂದು ಯಾರೂ ಹೇಳಿದ್ದನ್ನು ನಾನು ಓದಿಲ್ಲ.

ನನ್ನ ಮಾರ್ಗದರ್ಶಕರು ಇದನ್ನು ಒಪ್ಪುವುದಿಲ್ಲ, ಮತ್ತು ಅವರ ಆಕ್ಷೇಪ ಹಗುರವಾದುದಲ್ಲ. ತನ್ನ ಬಗೆಗಿನ ಚಿತ್ರವನ್ನು ತಿದ್ದುವ ಅಧಿಕಾರವನ್ನು ಯಾರಿಗೇ ಕೊಟ್ಟರೂ ಅವರು ತಮ್ಮ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ, ನಿರ್ದೇಶಕನ ಸ್ವಾತಂತ್ರ್ಯ ಹೋಗುತ್ತದೆ, ನಾಳೆ ಒಬ್ಬ ಅಧಿಕಾರಿಯ ಬಗ್ಗೆ ಚಿತ್ರ ಮಾಡಿದರೆ ಅವನಿಗೂ ಮೊದಲೇ ತೋರಿಸುತ್ತೀಯಾ ಎಂಬುದು ಅವರ ಪ್ರಶ್ನೆ. ಅಧಿಕಾರಿಗೆ ಖಂಡಿತ ತೋರಿಸುವುದಿಲ್ಲ. ಚಿತ್ರದಲ್ಲಿ ತಪ್ಪಾದರೆ ಪತ್ರಿಕೆಗೆ ಹೇಳಿಕೆ ಕೊಡಲು, ವಕೀಲರಿಂದ ನೋಟಿಸು ಕಳಿಸಲು ಅವನಿಗೆ ದಾರಿಗಳಿವೆ. ಬಟ್ಟೆ ಹೊಲಿಯುವವರಿಗೆ ಇದ್ದ ಒಂದೇ ದಾರಿ ನನ್ನ ಕೈ ಹಿಡಿದುಕೊಂಡು ಕೇಳುವುದು, ಅದೂ ಎಲ್ಲ ಮುಗಿದ ಮೇಲೆ. ತಿದ್ದುವ ಹಕ್ಕು ಕೊಟ್ಟರೆ ಜನ ತಮ್ಮನ್ನು ಹೊಗಳಿಕೊಳ್ಳುತ್ತಾರೆ ಎಂಬ ಭಯವೂ ನನ್ನ ಅನುಭವದಲ್ಲಿ ನಿಜವಾಗಲಿಲ್ಲ. ಗಡಿಯಾರದ ತಾತ ವಾಪಸು ಸೇರಿಸಿಸಿದ್ದು ತಮ್ಮ ಸಿಡುಕನ್ನು.

ನಷ್ಟವೇ ಆಗುವುದಿಲ್ಲ ಎಂದು ಹೇಳಿದರೆ ಮಾತ್ರ ಅದು ಸುಳ್ಳಾಗುತ್ತದೆ. ಮೂರನೆಯ ಚಿತ್ರಕ್ಕಾಗಿ ರಾತ್ರಿ ಪಾಳಿಯ ಕಾವಲುಗಾರರೊಬ್ಬರ ಜೊತೆ ನಾವು ಮೂವರು ಹನ್ನೊಂದು ರಾತ್ರಿ ಕಳೆದಿದ್ದೆವು. ಅದು ನನ್ನ ಈವರೆಗಿನ ಅತ್ಯುತ್ತಮ ಚಿತ್ರೀಕರಣ ಎಂದು ಇಂದಿಗೂ ನಂಬಿದ್ದೇನೆ. ಎರಡು ವಾರದ ನಂತರ ಅವರು ಫೋನ್ ಮಾಡಿ, ಬಹಳ ಸಂಕೋಚದಿಂದ, ಅದನ್ನು ತೋರಿಸಬೇಡಿ ಎಂದರು. ಊರಿನಲ್ಲಿರುವ ಮಕ್ಕಳಿಗೆ ಅವರು ತಮ್ಮದು ಆಫೀಸಿನ ಕೆಲಸ ಎಂದು ಹೇಳಿಕೊಂಡಿದ್ದರಂತೆ. ನಮ್ಮ ಬಳಿ ಅವರ ಸಹಿ ಇತ್ತು. ಆ ಒಪ್ಪಿಗೆ ಪತ್ರದಲ್ಲಿ, "ಯಾವುದೇ ಮಾಧ್ಯಮದಲ್ಲಿ, ಯಾವುದೇ ಕಾಲದಲ್ಲಿ, ಯಾವುದೇ ಬದಲಾವಣೆಯೊಂದಿಗೆ" ಬಳಸಬಹುದು ಎಂದು ಬರೆದಿತ್ತು. ಇಂಥ ಪತ್ರಕ್ಕೆ, ಕ್ಯಾಮೆರಾ ಆಗಲೇ ಸ್ಟ್ಯಾಂಡಿನ ಮೇಲೆ ಕೂತು ಮೂವರು ವಿದ್ಯಾರ್ಥಿಗಳು ಕಾಯುತ್ತಿರುವಾಗ, ದಾಕ್ಷಿಣ್ಯ ಇರುವ ಮನುಷ್ಯ ಯಾರು ತಾನೇ ಇಲ್ಲ ಎಂದಾರು? ಚಿತ್ರ ಸಲ್ಲಿಸಲಿಲ್ಲ, ಅಂಕಗಳು ಹೋದವು, ತಂಡದ ಇಬ್ಬರಲ್ಲಿ ಒಬ್ಬ ನನ್ನೊಂದಿಗೆ ಹಲವು ದಿನ ಮಾತು ಬಿಟ್ಟ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಯಾಕೆಂದರೆ ಕೊರೆಯುವ ಚಳಿಯಲ್ಲಿ ಮೈಕಿನ ಕೋಲು ಹಿಡಿದು ನಿಂತವನು ಅವನೇ. ಈಗ ನಾನು ಪತ್ರಕ್ಕೆ ಎರಡು ಸಲ ಸಹಿ ಕೇಳುತ್ತೇನೆ, ಚಿತ್ರೀಕರಣಕ್ಕೆ ಮುಂಚೆ ಒಮ್ಮೆ ಮತ್ತು ರಫ್ ಕಟ್ ತೋರಿಸಿದ ಮೇಲೆ ಇನ್ನೊಮ್ಮೆ.

ಇಷ್ಟೆಲ್ಲ ಆದ ಮೇಲೆ, ಕಳೆದ ತಿಂಗಳು, ಯಾವ ಅಂಕಕ್ಕೂ ಸಲ್ಲದ ಕೆಲಸವೊಂದನ್ನು ಮಾಡಿದೆ. ಮೊದಲ ಚಿತ್ರವನ್ನು ಮತ್ತೆ ಸಂಕಲಿಸಲು ಕೂತೆ, ಕೊಳಲನ್ನು ತೆಗೆದೆ, ಕಾಜಾ ಮತ್ತು ಕ್ರಾಸ್ ಕಟಿಂಗಿನ ಮಾತುಗಳನ್ನು ಒಳಗೆ ತಂದೆ. ಅಳುವ ಭಾಗವನ್ನು ಪೂರ್ತಿ ಕೈಬಿಟ್ಟು ಅವರಿಗೆ ತೋರಿಸಿದರೆ ಅವರು ಅದಕ್ಕೂ ಒಪ್ಪಲಿಲ್ಲ. "ಅತ್ತಿದ್ದು ನಿಜ ತಾನೇ, ಅದು ಇರಲಿ. ಆದ್ರೆ ಕೊನೇಲಿ ಬೇಡ. ಅತ್ತಾದ್ಮೇಲೆ ನಾನು ಏನು ಮಾಡ್ದೆ ಅಂತಾನೂ ಹಾಕು" ಎಂದರು. ಅವರು ಆಮೇಲೆ ಏನು ಮಾಡಿದರು ಎಂಬುದು ನನಗೆ ನೆನಪೇ ಇರಲಿಲ್ಲ, ಯಾಕೆಂದರೆ ನನಗೆ ಬೇಕಾದದ್ದು ಸಿಕ್ಕಿದ ಕ್ಷಣದಲ್ಲೇ ನಾನು ಆ ಚಿತ್ರಿಕೆಯನ್ನು ನೋಡುವುದನ್ನು ನಿಲ್ಲಿಸಿದ್ದೆ. ಪುಣ್ಯಕ್ಕೆ ಕ್ಯಾಮೆರಾ ನಿಂತಿರಲಿಲ್ಲ. ನಲವತ್ತನೆಯ ಸೆಕೆಂಡಿನ ಆಚೆಗೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ, ಮಷಿನ್ನಿನಲ್ಲಿ ಸಿಕ್ಕಿಕೊಂಡಿದ್ದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತಾರೆ, ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿ ಪೆಡಲಿನ ಮೇಲೆ ಕಾಲಿಡುತ್ತಾ ಕ್ಯಾಮೆರಾದ ಹಿಂದಿದ್ದ ನನ್ನ ಕಡೆ ತಿರುಗಿ ಹೇಳುತ್ತಾರೆ: "ಹಾಂ, ಎಲ್ಲಿದ್ವಿ? ಕಾಲರ್ ಹತ್ರ ಅಲ್ವಾ?"