ಸೂಚೋಗೆ ಒಂದು ಟಿಕೆಟ್

ನಾನ್‌ಜಿಂಗ್‌ನ ದಕ್ಷಿಣ ರೈಲು ನಿಲ್ದಾಣದ ಕೌಂಟರಿನಲ್ಲಿ "ಸುಝೋ" ಅಂದೆ. ಒಳಗಿದ್ದ ಹುಡುಗಿ ಏನೋ ಕೇಳಿದಳು. ಅರ್ಥವಾಗಲಿಲ್ಲ. ಹೂಂ ಅಂತ ತಲೆ ಆಡಿಸಿದೆ. ಟಿಕೆಟ್ ಬಂತು, ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಸುಝೋ ಅಂತಲೇ ಇತ್ತು. ನನ್ನ ಹಿಂದೆ ನಿಂತಿದ್ದ ಆಫೀಸಿನ ಗೆಳತಿ ಅದನ್ನು ನೋಡಿ ನಕ್ಕಳು.

ನನ್ನ ಮನೆ ಇರುವುದು ಶಾಂಘೈ ಪಕ್ಕದ ಸುಝೋದಲ್ಲಿ, ಕಾಲುವೆಗಳ ಊರು. ಟಿಕೆಟ್ ಆಗಿದ್ದು ಆನ್‌ಹುಯಿ ಪ್ರಾಂತ್ಯದ ಇನ್ನೊಂದು ಸುಝೋಗೆ. ಎರಡೂ ಬೀಜಿಂಗ್-ಶಾಂಘೈ ಹೈಸ್ಪೀಡ್ ದಾರಿಯಲ್ಲೇ ಇವೆ, ಆದರೆ ನಾನ್‌ಜಿಂಗ್‌ನಿಂದ ಒಂದು ಆ ದಿಕ್ಕು, ಇನ್ನೊಂದು ಈ ದಿಕ್ಕು.

ಟಿಕೆಟ್ ಬದಲಿಸಲು ಮತ್ತೆ ಸಾಲು. ಈ ಸಲ ಹುಡುಗಿ ಬಿಡಲಿಲ್ಲ, ಹೇಳಿಸಿದಳು. ನಮ್ಮೂರಿನ 'ಸೂ', ಸಂಗೀತದ ಮೇಷ್ಟ್ರು ಮೇಲಿನ ಷಡ್ಜ ಹಿಡಿದ ಹಾಗೆ, ಅಲ್ಲಾಡದೆ ನಿಲ್ಲಬೇಕು. ಆ ಇನ್ನೊಂದರದು ನಾಯಿಗೆ 'ಹಚಾ' ಅಂದ ಹಾಗೆ ಮೇಲಿಂದ ಕೆಳಕ್ಕೆ ಬೀಳುತ್ತದೆ. 'ಝೋ' ಅಂತೂ ಝೋ ಅಲ್ಲವೇ ಅಲ್ಲ. ನಾಲಿಗೆಯನ್ನು ಟಕಾರಕ್ಕೆ ಮಡಿಸಿಕೊಂಡು 'ಚೋ' ಅನ್ನಬೇಕು. ಸಾಲಿನಲ್ಲಿದ್ದ ಅಜ್ಜಿಯೊಬ್ಬರೂ ಸೇರಿಕೊಂಡು "ಸೂ... ಚೋ" ಅಂತ ಪಾಠ ಶುರು ಮಾಡಿದರು. ಅವಮಾನವಾಯಿತು. ಆದರೆ ಸರಿಯಾಗಿ ಅಂದಾಗ ಇಬ್ಬರ ಮುಖವೂ ಅರಳಿತು.

ಆಮೇಲೆ ಗೊತ್ತಾಯಿತು, ಈ ಭಾಷೆ ಬಾಯಿಗೆ ಬರಲು ನಮಗಿಂತ ಅನುಕೂಲ ಇರುವವರು ಕಡಿಮೆ. ಚೀನೀ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು 1958ರಲ್ಲಿ ಚೀನಾ ಒಪ್ಪಿದ ಪಿನ್‌ಯಿನ್ ಬರಹದಲ್ಲಿ 'ಬಿ' ಅಂದರೆ ನಮ್ಮ ಪ, 'ಪಿ' ಅಂದರೆ ಫ. 'ಡಿ' ತ, 'ಟಿ' ಥ. 'ಜೆ' ಚ, 'ಕ್ಯೂ' ಛ. ಬೀಜಿಂಗ್ ನಿಜಕ್ಕೂ ಪೇಯ್‌ಚಿಂಗ್, ಕ್ವಿಂಗ್‌ಡಾವೋ ಅಂತ ಓದುವ ಊರು ಛಿಂಗ್‌ತಾವ್. ಒಂದನೇ ಕ್ಲಾಸಿನ ವರ್ಣಮಾಲೆ ಸಾಕು, ಅಲ್ವಾ? ಆದರೂ ನಮ್ಮ ಪತ್ರಿಕೆಗಳು ಇಂಗ್ಲಿಷ್ ನೋಡಿಕೊಂಡೇ ಬರೆಯುತ್ತವೆ. (ಆ 'ಸೂ' ನಿಲ್ಲುವ, ಬೀಳುವ ರಾಗ ಮಾತ್ರ ನಮ್ಮಲ್ಲಿಲ್ಲ. ಶಾನ್‌ಶಿ ಅನ್ನುವ ಎರಡು ಪ್ರಾಂತ್ಯಗಳಿಗೆ ಇರುವ ವ್ಯತ್ಯಾಸ ಬರೀ ರಾಗದ್ದು. ಗೊಂದಲ ತಪ್ಪಲಿ ಅಂತ ಒಂದಕ್ಕೆ ಇನ್ನೊಂದು 'ಎ' ಅಂಟಿಸಿದ್ದಾರೆ.)

ಹೋದ ರಜೆಯಲ್ಲಿ ಬೆಂಗಳೂರಿಗೆ ಬಂದಿದ್ದೆ. ಬಸ್ಸಿನಲ್ಲಿ ಹೊರಗಿನಿಂದ ಬಂದ ಹುಡುಗನೊಬ್ಬ "ಕೋರ್‌ಮಂಗ್ಲಾ" ಅಂದ. ಕಂಡಕ್ಟರ್ ಕನ್ನಡದವರೇ. "ಕೋರ್‌ಮಂಗ್ಲಾ? ಕೂತ್ಕೊಳ್ಳಿ" ಅಂದು ಟಿಕೆಟ್ ಕೊಟ್ಟರು. ದೊಮ್ಮಲೂರು ಬಂದಾಗ ಅವರೇ "ಡೋಮ್ಲೂರ್, ಡೋಮ್ಲೂರ್" ಅಂತ ಕೂಗಿದರು. ನಾನು ಕೋರಮಂಗಲ ಅಂತ ಒತ್ತಿ ಹೇಳಿದ್ದಕ್ಕೆ ನನ್ನನ್ನೇ ಒಂಥರಾ ನೋಡಿದರು! ಹೇಗೆ ಹೇಳಿದರೂ ಅರ್ಥವಾದರೆ ಸರಿಯಾಗಿ ಹೇಳುವ ಕಷ್ಟ ಯಾರಿಗೆ ಬೇಕು? 2014ರ ನವೆಂಬರ್ 1ಕ್ಕೆ ಹನ್ನೆರಡು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಹಾಗೇ ಬರೆಯಬೇಕು ಅಂತಾಯಿತು. ಬೋರ್ಡು ಬದಲಾಯಿತು, ಬಾಯಿ ಬದಲಾಗಲಿಲ್ಲ. ಆ ಅಜ್ಜಿಯಂಥವರು ನಮ್ಮ ಬಸ್ಸಿಗೊಬ್ಬರು ಬೇಕಿತ್ತು.

ಹಾಗಂತ ಚೀನಾದವರೇನು ಸಾಚಾ ಅಲ್ಲ. ಗೆಳತಿ ಮೊನ್ನೆ ಕೇಳಿದಳು: "ಪಾನ್‌ಚ್ಯಾಲ್ವೊಅರ್‌ಗೆ ಮತ್ತೆ ಯಾವಾಗ?" ಹಳೇ ಬ್ಯಾಂಗಲೋರನ್ನು ಅವರ ಅಕ್ಷರಕ್ಕೆ ಇಳಿಸಿದರೆ ಹೀಗಾಗುತ್ತದೆ. ಬೆಂಗಳೂರು ಅಂತ ಮೂರು ಸಲ ಹೇಳಿಕೊಟ್ಟೆ. ಳಕಾರಕ್ಕೆ ಬಂದು ನಿಂತಳು, ಮುಂದೆ ಹೋಗಲಿಲ್ಲ.

"ಆಗಸ್ಟ್‌ನಲ್ಲಿ ಪಾನ್‌ಚ್ಯಾಲ್ವೊಅರ್‌ಗೆ ಹೋಗ್ತೀನಿ" ಅಂದೆ. ಅವಳ ಮುಖ ಅರಳಿತು. ನನ್ನ ರಾಗ ಸರಿಯಾಗಿತ್ತಂತೆ.