ಎರಡು ಲೈಮ್ ಸೋಡಾದ ಬಿಲ್ಲು

ಮುಂಬಯಿಯ ಮುಲುಂಡಿನ ಒಂದು ಪರ್ಮಿಟ್ ರೂಮಿನ, ಅಂದರೆ ಬಾರಿನ, ಗಲ್ಲಾದಲ್ಲಿ ಇಪ್ಪತ್ತಾರು ವರ್ಷದಿಂದ ಕೂತವನು ನಾನು. ಕುಡಿಯುವವರಿಗೆ ಬುದ್ಧಿ ಹೇಳುವ ಮುಖ ನನಗಿಲ್ಲ, ನನ್ನ ಇಬ್ಬರು ಮಕ್ಕಳ ಫೀಸು ಕಟ್ಟಿದ್ದೇ ಅವರು. ಆದರೂ ಮೂರು ದಿನದಿಂದ ಒಂದು ವಿಷಯ ತಲೆಯಲ್ಲಿ ಕೊರೀತಾ ಇದೆ. ಬರೆದು ಮುಗಿಸ್ತೇನೆ. ಉದ್ದ ಆದರೆ ಬೈಯಬೇಡಿ.

ಅಟ್ಲಾಂಟಾದಲ್ಲಿರುವ ಅಕ್ಕನ ಮಗ ರಜೆಗೆ ಬಂದಿದ್ದಾನೆ. ರಾತ್ರಿ ನೀರುದೋಸೆ, ಬಂಗುಡೆ ಸಾರು ಮುಂದಿಟ್ಟುಕೊಂಡು ಅಲ್ಲಿಯ ಒಂದು ಹಳೇ ಕತೆ ತೆಗೆದ. ಡೇಮನ್ ಇವಾನ್ಸ್ ಅಂತ, ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಐಪಿಎಲ್‌ನಷ್ಟೇ ದುಡ್ಡಿನ ವ್ಯವಹಾರ, ಆ ಕುರ್ಚಿ ಅಂದರೆ ಸಣ್ಣ ಸಂಸ್ಥಾನದ ದಿವಾನಗಿರಿ. 2010ರ ಜೂನ್ 30ರ ರಾತ್ರಿ ಅಟ್ಲಾಂಟಾದಲ್ಲಿ ಪೊಲೀಸರು ಅವನ ಕಾರು ನಿಲ್ಲಿಸಿದರು. ಕುಡಿದಿದ್ದಾನಾ ಅಂತ ನೋಡುವ ಮೆಷಿನ್ನಿಗೆ ಊದಲು ಒಪ್ಪಲಿಲ್ಲ, ಬಂಧಿಸಿದರು. ಮರುದಿನ, ಜುಲೈ 1ರಿಂದ, ಅವನ ಹೊಸ ಕರಾರು ಶುರುವಾಗಬೇಕಿತ್ತು, ವರ್ಷಕ್ಕೆ ಐದೂವರೆ ಲಕ್ಷ ಡಾಲರ್. ಒಂದು ವಾರ ತುಂಬುವುದರೊಳಗೆ ರಾಜೀನಾಮೆ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಕುಡಿದು ಗಾಡಿ ಓಡಿಸಬೇಡಿ ಅಂತ ಮ್ಯಾಚಿಗೆ ಮೊದಲು ಸ್ಟೇಡಿಯಂನ ದೊಡ್ಡ ಪರದೆ ಮೇಲೆ ಜನರಿಗೆ ಹೇಳುತ್ತಿದ್ದವನು ಇದೇ ಮನುಷ್ಯ!

ಜನ ಏನಂದರು ಅಂತ ಕೇಳಿದೆ. ಅರ್ಧ ಜನ ಕಾರಿನಲ್ಲಿದ್ದ ಹೆಂಗಸಿನ ಬಗ್ಗೆ, ಪೊಲೀಸ್ ವರದಿಯಲ್ಲಿ ಬಂದ ಕೆಂಪು ಒಳಉಡುಪಿನ ಬಗ್ಗೆ ಜೋಕು ಹೊಡೆದರಂತೆ. ಇನ್ನರ್ಧ ಜನ ಅವನ ಜಾಗಕ್ಕೆ ಯಾರು ಬರ್ತಾರೆ, ಫುಟ್‌ಬಾಲ್ ಸೀಸನ್‌ನ ಗತಿ ಏನು ಅಂತ ಲೆಕ್ಕ ಹಾಕಿದರಂತೆ. ರಸ್ತೆಯಲ್ಲಿ ಎದುರಿಂದ ಬರುತ್ತಿದ್ದವರ ಸುದ್ದಿ ಯಾರೂ ಎತ್ತಿಲ್ಲವಾ ಅಂದೆ. ಹುಡುಗ ಸಾರಿಗೆ ದೋಸೆ ಅದ್ದುತ್ತಾ, "ಯಾರೂ ಸತ್ತಿಲ್ಲವಲ್ಲ ಮಾವ" ಅಂದ.

ಆದರೆ ನನ್ನ ಕಿವಿಗೆ ಬಿದ್ದು ಅಲ್ಲೇ ಉಳಿದದ್ದು ಬೇರೆ. ನಿಲ್ಲಿಸಿದ ಪೊಲೀಸನಿಗೆ ಆ ಮನುಷ್ಯ, ಲಂಚ ಕೊಡುತ್ತಿಲ್ಲ, ಆದರೆ ನಾನು ಜಾರ್ಜಿಯಾದ ಅಥ್ಲೆಟಿಕ್ ಡೈರೆಕ್ಟರ್ ಅಂತ ಹೇಳಿದ್ದು. ಇದು ನನಗೆ ಗೊತ್ತಿರುವ ಭಾಷೆ. ಮುಂಬಯಿಯಲ್ಲಿ ಇದನ್ನು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳ್ತಾರೆ, ನಮ್ಮವರು ತುಳುವಿನಲ್ಲೂ ಹೇಳ್ತಾರೆ. ಗಲ್ಲಾದ ಮುಂದೆ ನಿಂತು ಹೇಳಿದ್ದನ್ನು ನಾನು ಕೇಳಿದ್ದೇನೆ.

ಹದಿನೈದು ವರ್ಷದ ಹಿಂದಿನ ಮಾತು. ಉಪನಗರದ ಒಂದು ಕ್ಲಬ್ಬಿನ ಕ್ರೀಡಾ ಪದಾಧಿಕಾರಿ ನಮ್ಮ ಖಾಯಂ ಗಿರಾಕಿ. ದೊಡ್ಡ ಟೂರ್ನಮೆಂಟ್ ನಡೆಸುವವರು, ಬಡ ಹುಡುಗರಿಗೆ ಬೂಟು ಕೊಡಿಸುವವರು, ಒಳ್ಳೆಯವರೇ. ಅವತ್ತು ಅವರ ತಂಡ ಕಪ್ ಗೆದ್ದಿತ್ತು. ಕಪ್ಪನ್ನು ಮೇಜಿನ ಮೇಲಿಟ್ಟು ಅದರೊಳಗೇ ಬಿಯರ್ ಹೊಯ್ದರು. ಹನ್ನೆರಡೂವರೆಗೆ ಎದ್ದರು. ನಡಿಗೆ ನೋಡಿದರೆ ತಪ್ಪು ಹೇಳುವಂತಿಲ್ಲ. ಹಳೇ ಕುಡುಕರ ನಡಿಗೆ ಯಾವತ್ತೂ ನೆಟ್ಟಗೇ ಇರ್ತದೆ, ಕಣ್ಣಿನ ರೆಪ್ಪೆ ಮಾತ್ರ ನಿಧಾನ. ಕಾರಿನ ಕೀ ನನ್ನ ಗಲ್ಲಾದ ಮೇಲಿತ್ತು, ಗಣಪತಿ ಫೋಟೋ ಕೆಳಗೆ. ನಾನೇ ಎತ್ತಿ ಎರಡೂ ಕೈಯಲ್ಲಿ ಕೊಟ್ಟೆ. ಸಲಾಂ ಬೇರೆ ಹೊಡೆದೆ.

ಇಪ್ಪತ್ತು ನಿಮಿಷಕ್ಕೆ ಫೋನ್. ಚೆಕ್ ನಾಕಾ ಹತ್ತಿರ ನಾಕಾಬಂದಿ, ಹಿಡಿದಿದ್ದಾರೆ. "ಒಂದು ಬಿಲ್ ಮಾಡಿ ಹುಡುಗನ ಕೈಯಲ್ಲಿ ಕಳಿಸು, ಎರಡು ಲೈಮ್ ಸೋಡಾ, ಒಂದು ಮಸಾಲಾ ಪಾಪಡ್."

ಮಾಡಿದೆ. ಕಾರ್ಬನ್ ಇಟ್ಟು, ತಾರೀಕು ಹಾಕಿ, ಸೀಲ್ ಹೊಡೆದು ಕಳಿಸಿದೆ. ಹವಾಲ್ದಾರ ಅದನ್ನು ಟಾರ್ಚ್ ಬೆಳಕಲ್ಲಿ ಓದಿ, "ಪಾಪಡ್ ಒಳ್ಳೆಯದಿತ್ತಾ ಸಾಹೇಬ್?" ಅಂತ ಕೇಳಿ ಮಡಚಿ ವಾಪಸು ಕೊಟ್ಟನಂತೆ. ಮೆಷಿನ್ ಬಿಲ್ ಓದುವುದಿಲ್ಲವಲ್ಲ.

ಮರುದಿನ ನಮ್ಮ ರೂಮಿನಲ್ಲಿ ಬೇರೆ ಸುದ್ದಿಯೇ ಇಲ್ಲ. ಒಬ್ಬ, ಸಮಾಜಕ್ಕೆ ಇಷ್ಟು ಮಾಡಿದವರನ್ನು ಹೀಗಾ ನಡೆಸಿಕೊಳ್ಳೋದು ಅಂದ. ಇನ್ನೊಬ್ಬ, ಪೊಲೀಸರಿಗೆ ತಿಂಗಳ ಟಾರ್ಗೆಟ್ ಮಾರಾಯ್ರೆ ಅಂದ. ಎದುರು ಗುಂಪಿನವನೊಬ್ಬ ಖುಷಿಯಲ್ಲಿ ಎಲ್ಲರಿಗೂ ಚಕ್ನಾ ಹಂಚಿಸಿದ. ಕುಡಿತದ ವಿಷಯ ಅಲ್ಲಿ ಬರಲೇ ಇಲ್ಲ. ಕ್ಲಬ್ಬಿನ ಮುಂದಿನ ಎಲೆಕ್ಷನ್ನಿನ ಮಾತಷ್ಟೇ. ಜಾರ್ಜಿಯಾದಲ್ಲೂ ಹೀಗೇ ಆಗಿರಬೇಕು ಅನ್ನೋದು ನನ್ನ ಗುಮಾನಿ. ಸಿಕ್ಕಿಬಿದ್ದವನು ನಮ್ಮವನಾದರೆ ಪಾಪ, ಎದುರು ಪಾರ್ಟಿಯಾದರೆ ಬೇವಡಾ, ಅಂದರೆ ಕುಡುಕ.

ಒಂದು ತಾಂತ್ರಿಕ ವಿಷಯ ಹೇಳಿಬಿಡ್ತೇನೆ, ಇದು ನನ್ನ ಕಸುಬು. ನಮ್ಮ ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ತಪ್ಪು. ಅಮೆರಿಕದ ಹೆಚ್ಚಿನ ಕಡೆ 80. ನಮ್ಮ ವಿಸ್ಕಿ ಬಾಟಲಿ ಮೇಲೆ 42.8 ಪ್ರತಿಶತ ಅಂತ ಬರೆದಿರ್ತದೆ. ಹೊಟ್ಟೆ ಖಾಲಿ ಇದ್ದರೆ ಸಾಮಾನ್ಯ ಮೈಕಟ್ಟಿನವನಿಗೆ 60 ಎಂಎಲ್‌ನ ಒಂದೇ ಲಾರ್ಜ್ ಆ ಗೆರೆ ದಾಟಿಸಬಹುದು. "ಎರಡೇ ಅಣ್ಣಾ, ಏನಾಗಲ್ಲ" ಅನ್ನುವವರು ಎಷ್ಟು ದೂರ ಹೋಗಿರ್ತಾರೆ ನೀವೇ ಲೆಕ್ಕ ಹಾಕಿ. ಏಲಕ್ಕಿ, ಪಾನ್, ಕಪ್ಪು ಕಾಫಿ, ಲಿಂಬೆ ನೀರು, ಎಲ್ಲ ಸುಳ್ಳು. ಬಾಯಿಯ ವಾಸನೆ ಬದಲಾಗ್ತದೆ ಅಷ್ಟೆ, ಲಿವರ್ ತನ್ನ ಕೆಲಸವನ್ನು ತನ್ನದೇ ನಿಧಾನದಲ್ಲಿ ಮಾಡ್ತದೆ. 2019ರಿಂದ ಮೊದಲ ಸಲಕ್ಕೆ ದಂಡ ಹತ್ತು ಸಾವಿರ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಮ್ಮ ಮೂಲೆ ಮೇಜಿನಲ್ಲಿ ಒಂದು ರಾತ್ರಿಯ ಬಿಲ್ಲೇ ಹತ್ತು ಸಾವಿರ ಆಗುವುದುಂಟು.

2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಇಬ್ಬರು ಎಂಜಿನಿಯರುಗಳ ಜೀವ ತೆಗೆಯಿತು. ಜಾಮೀನಿಗೆ 300 ಪದದ ಪ್ರಬಂಧ. ದೇಶಕ್ಕೆ ದೇಶವೇ ಆ ಪ್ರಬಂಧದ ಬಗ್ಗೆ ಮಾತಾಡಿತು. ನಾನು ಮಾತ್ರ ಪತ್ರಿಕೆಯಲ್ಲಿ ಹುಡುಕಿದ್ದು ಆ ಹುಡುಗನಿಗೆ ಮದ್ಯ ಕೊಟ್ಟ ಆರೋಪ ಹೊತ್ತ ಬಾರುಗಳ ಮ್ಯಾನೇಜರುಗಳ ಸುದ್ದಿ, ಅವರೂ ಬಂಧಿತರಾಗಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಜುಲೈ 7ರ ನಸುಕಿನಲ್ಲಿ ವರ್ಲಿಯಲ್ಲಿ ಬಿಎಂಡಬ್ಲ್ಯೂ. ಗಂಡನ ಜೊತೆ ಸ್ಕೂಟರಿನಲ್ಲಿ ಮೀನು ತರುತ್ತಿದ್ದ, ಕೋಳಿ ಅನ್ನುವ ಮೀನುಗಾರ ಸಮುದಾಯದ ಹೆಂಗಸನ್ನು ಎಳಕೊಂಡೇ ಹೋಯಿತು. ಆ ಕಾರು ಓಡಿಸಿದವನು ಕುಡಿದದ್ದು ರೆಡ್ ಬುಲ್, ಮದ್ಯವಿಲ್ಲದ ಪೇಯ, ಅಂತ ಬಾರಿನವರು ಹೇಳಿದ್ದು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ನನ್ನ ಲೈಮ್ ಸೋಡಾ. ಅವರದ್ದು ನಿಜವೋ ಸುಳ್ಳೋ ಕೋರ್ಟು ನೋಡಿಕೊಳ್ಳಲಿ. ನನ್ನದು ಸುಳ್ಳು ಅಂತ ನನಗೆ ಗೊತ್ತು.

ಹುಡುಗ ಇನ್ನೊಂದು ಹೆಸರು ಹೇಳಿದ, ಅಲ್ಲಿಯ ಫುಟ್‌ಬಾಲ್ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಆಗಿನ ಮಾಲೀಕ ಜಿಮ್ ಇರ್ಸೆ. 2014ರಲ್ಲಿ ಸಿಕ್ಕಿಬಿದ್ದ, ಮದ್ಯ ಅಲ್ಲ, ಮಾತ್ರೆಗಳ ನಶೆ. ಕಾರಿನಲ್ಲಿ 29 ಸಾವಿರ ಡಾಲರಿಗೂ ಹೆಚ್ಚು ನಗದು. ಲೀಗಿನವರು ಆರು ಮ್ಯಾಚ್ ನಿಷೇಧ, ಐದು ಲಕ್ಷ ಡಾಲರ್ ದಂಡ ಹಾಕಿದರು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವನು ಒಂಬತ್ತು ವರ್ಷ ಕಳೆದ ಮೇಲೆ, ನಾನು ಶ್ರೀಮಂತ ಬಿಳಿಯ ಅಂತಲೇ ನನ್ನನ್ನು ಹಿಡಿದರು ಅಂದ. ಇದನ್ನು ಕೇಳಿ ನಮ್ಮ ಅಡುಗೆ ಭಟ್ಟರು ಸೌಟು ಕೆಳಗಿಟ್ಟು ನಕ್ಕರು.

ಇವಾನ್ಸ್ ಮುಂದೆ ಮೇರಿಲ್ಯಾಂಡಿನಲ್ಲಿ ಮತ್ತೆ ಅದೇ ಹುದ್ದೆಗೆ ಬಂದ, 2018ರಲ್ಲಿ. ಇದಕ್ಕೆ ನನ್ನ ತಕರಾರಿಲ್ಲ. ಕೆಲಸ ಕಳಕೊಂಡ, ಎಂಟು ವರ್ಷ ಕಾದ, ಎದ್ದ. ಬಿದ್ದವನು ಏಳಬಾರದು ಅನ್ನುವ ಗುಂಪಿನವನು ನಾನಲ್ಲ, ಆ ಲೆಕ್ಕ ಹಿಡಿದರೆ ನನ್ನ ಅರ್ಧ ಗಿರಾಕಿಗಳು ಬಾಗಿಲಾಚೆ. ನನ್ನ ತಕರಾರು ನಮ್ಮ ಜೊತೆ. ಅವನು ಸಿಕ್ಕಿಬಿದ್ದ ರಾತ್ರಿ ಎಲ್ಲರ ಬಾಯಿಗೂ ಬಂತು. ಅದಕ್ಕೆ ಮೊದಲಿನ ಎಷ್ಟೋ ರಾತ್ರಿ ಇಂಥವರ ಕೈಗೆ ಕೀ ಇಡುವ ವೇಟರ್, ಬಾಗಿಲು ತೆರೆಯುವ ವಾಚ್‌ಮನ್, ಪಕ್ಕದ ಸೀಟಿನ ಗೆಳೆಯ, ಗಲ್ಲಾದಲ್ಲಿರುವ ನನ್ನಂಥವನು, ನಾವೆಲ್ಲ ಎಲ್ಲಿರ್ತೇವೆ? ಪೊಲೀಸಿನವನ ಮುಂದೆ ಅವನು ತನ್ನ ಹುದ್ದೆ ಹೇಳಿದ ಅಂತ ನಗ್ತೇವೆ. ಆ ಹುದ್ದೆಗೆ ಅಷ್ಟೊಂದು ಸಲಾಂ ಹೊಡೆದು ಅಭ್ಯಾಸ ಮಾಡಿಸಿದವರು ಯಾರು ಸ್ವಾಮಿ?

ಈಗ ಗಲ್ಲಾದ ಪಕ್ಕ ಬಾಡಿಗೆ ಡ್ರೈವರುಗಳ ನಂಬರ್ ಅಂಟಿಸಿಟ್ಟಿದ್ದೇನೆ. ಕೀ ಗಣಪತಿ ಕೆಳಗೆ ಅಲ್ಲ, ಡ್ರಾಯರಿನೊಳಗೆ. ಸೇಟ್‌ಗೆ ಇದು ಅಷ್ಟು ಪಸಂದಿಲ್ಲ, ಗಿರಾಕಿ ಬೇರೆ ಕಡೆ ಹೋಗ್ತಾರೆ ಅನ್ನುವ ಹೆದರಿಕೆ. ಅದೂ ಸುಳ್ಳಲ್ಲ, ಇಬ್ಬರು ಹೋಗಿದ್ದಾರೆ.

ಕಳೆದ ಶನಿವಾರ ಒಬ್ಬರು ಕೀ ಕೇಳಿದರು. ಹತ್ತು ನಿಮಿಷ ಕೂತ್ಕೊಳ್ಳಿ ಸರ್, ಡ್ರೈವರ್ ಬರ್ತಾ ಇದ್ದಾನೆ ಅಂದೆ. "ನಾನು ಯಾರು ಅಂತ ಗೊತ್ತುಂಟಾ ನಿನಗೆ?"

ಗೊತ್ತುಂಟು ಸರ್, ಏಳನೇ ನಂಬರ್ ಟೇಬಲ್.

ಮುಖ ಊದಿಸಿಕೊಂಡು ಕೂತರು, ಡ್ರೈವರ್ ಬಂದ, ಹೋದರು. ವೇಟರ್ ಹುಡುಗ ಖಾಲಿ ತಟ್ಟೆ ತಂದು ನನ್ನ ಮುಂದೆ ಕುಕ್ಕಿದ. ಸೋಂಪಿನ ಕಾಳು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. "ನಿಮ್ಮಿಂದ ನನ್ನ ಟಿಪ್ಪು ಹೋಯ್ತಲ್ಲ ಅಣ್ಣಾ."